ದೋಣಿ ಮಗುಚಿದ ಭಾನುವಾರ

ದೋಣಿ ಮಗುಚಿತು ಎಂದ ಕೂಡಲೇ ಓದುಗರು ಗಾಬರಿಯಾಗಬೇಕಿಲ್ಲ. ಮಗುಚಿದವರು ನಾವೇ. ಅದೂ ನೀರಿನಲ್ಲಲ್ಲ, ದಡದ ಮರಳಿನ ಮೇಲೆ. ನಾಲ್ಕು ಜನ ಕೈಹಾಕಿ, ‘ಐಸಾ’ ಎಂದು ಕೂಗಿ, ಬೇಕೆಂದೇ ಮಗುಚಿದ್ದು. ತಳ ಕೆರೆದು, ಸಂದು ಮುಚ್ಚಿ, ಎಣ್ಣೆ ಹಚ್ಚುವ ಕೆಲಸ ಅಂದು ನಮ್ಮ ಮುಂದಿತ್ತು.

ನಾನು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. 28 ವರ್ಷಗಳಿಂದ ಒಂಬತ್ತನೆಯ ತರಗತಿಗೆ ಆರ್ಕಿಮಿಡೀಸನ ತತ್ವ ಕಲಿಸುತ್ತ ಬಂದಿದ್ದೇನೆ. ಕರಿಹಲಗೆಯ ಮೇಲೆ ಇದುವರೆಗೆ ನಾನು ಬರೆದ ದೋಣಿಗಳನ್ನೆಲ್ಲ ಸಾಲಾಗಿ ಕಟ್ಟಿದರೆ ಗಂಗೊಳ್ಳಿಯ ಬಂದರಿನಲ್ಲಿ ಜಾಗ ಸಾಲದು. ಆದರೆ ನಿಜವಾದ ದೋಣಿಯ ತಳ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದು ಕಳೆದ ಜನವರಿಯಲ್ಲಿ. ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಕರಾವಳಿಯಲ್ಲೇ ಹುಟ್ಟಿ ಬೆಳೆದ ನನಗೆ ಈಜು ಬಾರದು. ತೇಲುವ ವಸ್ತುಗಳ ನಿಯಮ ಗೊತ್ತು, ತೇಲುವುದು ಗೊತ್ತಿಲ್ಲ.

ಕುಂದಾಪುರದ ಬದಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಪಂಚಗಂಗಾವಳಿ ಎನಿಸಿಕೊಂಡು ಸಮುದ್ರ ಸೇರುತ್ತವೆ. ಅಳಿವೆಯ ಉತ್ತರಕ್ಕೆ ಗಂಗೊಳ್ಳಿ, ದಕ್ಷಿಣಕ್ಕೆ ಕೋಡಿ. ಈ ದಡದಲ್ಲಿ ನಿಂತು ಕೂಗಿದರೆ ಆ ದಡಕ್ಕೆ ಕೇಳೀತು ಎನ್ನುವಷ್ಟು ಹತ್ತಿರ. ಆದರೆ ಕುಂದಾಪುರದಿಂದ ಗಂಗೊಳ್ಳಿಗೆ ರಸ್ತೆಯಲ್ಲಿ ಸುತ್ತಿ ಬರಬೇಕೆಂದರೆ ಸುಮಾರು 15 ಕಿಲೋಮೀಟರ್. ಗಂಗೊಳ್ಳಿ ಕಡೆಯ ಹೊಳೆಬದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಇದೆ. ವರ್ಷದ ಹೆಚ್ಚಿನ ದಿನ ದೊಡ್ಡ ಬೋಟಿನಲ್ಲಿ ಕಡಲಿಗೆ ಹೋಗುವವನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಮ್ಮ ಕರಾವಳಿಯಲ್ಲಿ ನಿಷೇಧವಿರುತ್ತದಲ್ಲ, ಆಗ ಮನೆಯ ಒಲೆ ಉರಿಯುವುದು ಅವನ ಪಾತಿ ದೋಣಿಯಿಂದ. ಹೊಳೆಯಲ್ಲಿ ಬಲೆ ಬೀಸಿ ಸಿಕ್ಕಿದ್ದರಲ್ಲಿ ದಿನ ದೂಡಬೇಕು. ಆದುದರಿಂದ ಆ ದೋಣಿಯ ಮೇಲೆ ಅವನಿಗೆ ಮನೆಯ ಹಸುವಿನ ಮೇಲಿರುವಷ್ಟು ಕಾಳಜಿ.

ಪೇಟೆಯಲ್ಲಿ ಸಿಕ್ಕಾಗಲೆಲ್ಲ ‘ಮಾಷ್ಟ್ರೇ, ಒಂದ್ಸಲ ಬನಿ, ದೋಣಿಯಗೆ ಹೊಳಿ ಸುತ್ತಿ ಬಪ್ಪ’ ಎಂದು ಕರೆಯುತ್ತಿದ್ದ. ಈ ಸಲ ನಾನು ಹ್ಞೂಂ ಎಂದದ್ದಕ್ಕೆ ಒಂದು ಕಾರಣವಿತ್ತು. ಮಗ ಊರಿಗೆ ಬಂದಿದ್ದ. ಭಾನುವಾರ ಇಡೀ ದಿನ ನಾವಿಬ್ಬರೂ ಒಂದೇ ಮನೆಯಲ್ಲಿ ಎದುರುಬದುರು ಕೂತು ಕಳೆಯುವುದು ಹೇಗೆ ಎಂಬ ಚಿಂತೆ ನನ್ನನ್ನು ಕಾಡುತ್ತಿತ್ತು.

ಮಗನ ವಿಷಯ ಇಲ್ಲಿ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ. ಪಿಯುಸಿಗೆ ವಿಜ್ಞಾನ ಎಂದು ನಾನು ಬರೆದೆ, ಅವನು ಸಹಿ ಹಾಕಿದ. ಸಿಇಟಿಯ ನಂತರ ಎಂಜಿನಿಯರಿಂಗ್ ಎಂದೂ ನಾನೇ ಬರೆದೆ. ನಾಲ್ಕು ಸೆಮಿಸ್ಟರ್ ಮುಗಿಸಿ ಒಂದು ದಿನ ಪೆಟ್ಟಿಗೆ ಸಮೇತ ಮನೆಗೆ ಬಂದ. ‘ಅಪ್ಪಯ್ಯ, ನಾನಿನ್ನು ಹೋಗುವುದಿಲ್ಲ’ ಎಂದ. ಮೂರು ತಿಂಗಳು ನಾನು ಅವನೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಅವನ ತಾಯಿಯ ಮೂಲಕ ಕೇಳುತ್ತಿದ್ದೆ. ಪಾಲಕರ ಸಭೆಯಲ್ಲಿ ವರ್ಷ ವರ್ಷವೂ ‘ಮಕ್ಕಳ ಒಲವು ಏನೆಂದು ಗಮನಿಸಿ’ ಎಂದು ಭಾಷಣ ಮಾಡಿದ ಮನುಷ್ಯ ನಾನು. ‘ಮೇಷ್ಟ್ರ ಮಗನೇ ಹೀಗಾದರೆ?’ ಎಂದು ಜನ ಆಡಿಕೊಳ್ಳುತ್ತಾರೆಂಬ ಅಂಜಿಕೆಯಲ್ಲಿ ಆ ಭಾಷಣ ನನಗೇ ಮರೆತುಹೋಗಿತ್ತು. ಅವನು ಮೈಸೂರಿನಲ್ಲಿ ಮರದ ಪೀಠೋಪಕರಣ ಮಾಡುವ ಒಂದು ಕಾರ್ಖಾನೆ ಸೇರಿದ. ಐದು ವರ್ಷವಾಯಿತು. ವರ್ಷಕ್ಕೆರಡು ಸಲ ಊರಿಗೆ ಬರುತ್ತಾನೆ. ‘ಯಾವಾಗ ಬಂದೆ, ಬಸ್ಸಿನಲ್ಲಿ ಸೀಟು ಸಿಕ್ಕಿತಾ, ಯಾವಾಗ ಹೊರಡುವುದು’ – ಈ ಮೂರು ಪ್ರಶ್ನೆ ಮುಗಿದರೆ ನಮ್ಮ ಮಾತೂ ಮುಗಿಯಿತು. ಅವನು ಕೆಲಸ ಮಾಡುವ ಜಾಗಕ್ಕೆ ನಾನು ಒಮ್ಮೆಯೂ ಹೋಗಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ನಾವು ಹೋದಾಗ ಶಿಷ್ಯ ಕಾದುಕೊಂಡಿದ್ದ. ‘ಬನಿ ಮಾಷ್ಟ್ರೇ, ಕೂಕಣಿ’ ಎಂದು ಮಡಲಿನ ಚಪ್ಪರದ ಕೆಳಗೆ ಕೂರಿಸಿ, ಬೆಲ್ಲ ನೀರು ಕೊಟ್ಟ. ನೆರೆಮನೆಯ ಹುಡುಗನನ್ನೂ ಕರೆದು ನಾಲ್ವರೂ ಸೇರಿ ದೋಣಿ ಮಗುಚಿದೆವು.

ಅದು ಹೆಬ್ಬಲಸಿನ ಹಲಗೆಯ ದೋಣಿ. ಈಗ ಎಲ್ಲೆಡೆ ಫೈಬರಿನವು ಬಂದಿವೆ, ಮರದವು ಅಪರೂಪ. ಹಿಂದೆ ಹಲಗೆಗಳಿಗೆ ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಬಟ್ಟೆಯಂತೆ ಹೊಲಿಯುತ್ತಿದ್ದರು. ಇದಕ್ಕೆ ತಾಮ್ರದ ಮೊಳೆ ಇತ್ತು. ಉಪ್ಪುನೀರಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಪಾಠದಲ್ಲಿ ನಾನು ನೀರು, ಉಪ್ಪುನೀರು ಮತ್ತು ಎಣ್ಣೆಯ ಪ್ರನಾಳಗಳಲ್ಲಿ ಮೊಳೆ ಹಾಕಿಟ್ಟು ಮಕ್ಕಳಿಗೆ ವಾರವಿಡೀ ತೋರಿಸುವುದನ್ನು ಇಲ್ಲಿ ಅಜ್ಜನ ಕಾಲದಿಂದ ಬಲ್ಲರು.

ತಳದ ತುಂಬ ಬಿಳಿಯ ಸಣ್ಣ ಸಣ್ಣ ಗೋಪುರಗಳು. ಬಾರ್ನಕಲ್‌ಗಳು. ಬಂದರಿನ ಕಂಬಗಳಿಗೆ, ಬಂಡೆಗಳಿಗೆ ಅಂಟಿರುವುದನ್ನು ನೀವೂ ಕಂಡಿರುತ್ತೀರಿ. ಬರಿಗಾಲಲ್ಲಿ ಮೆಟ್ಟಿದ್ದರೆ ಮರೆತಿರಲಾರಿರಿ. ಇವು ಅಂಟಿದರೆ ತಳ ಒರಟಾಗಿ ನೀರಿನ ಘರ್ಷಣೆ ಹೆಚ್ಚುತ್ತದೆ. ಹುಟ್ಟು ಹಾಕುವವನ ತೋಳು ಸೋಲುತ್ತದೆ, ಎಂಜಿನ್ ಇದ್ದರೆ ಎಣ್ಣೆ ಹೆಚ್ಚು ಕುಡಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ನೀರು ಇಳಿದು ಹೊಳೆ ಸಿಹಿಯಾದಾಗ ಎಷ್ಟೋ ತಾವಾಗಿ ಸಾಯುತ್ತವಂತೆ. ಉಳಿದ ಕಾಲದಲ್ಲಿ ಕೆರೆಯುವುದೊಂದೇ ದಾರಿ.

ನಮಗೆ ಮೂವರಿಗೂ ಒಂದೊಂದು ಚಪ್ಪಟೆ ಉಳಿ ಸಿಕ್ಕಿತು. ಮಗ ದೋಣಿಯ ಆ ಬದಿ, ನಾನು ಈ ಬದಿ. ಕೆರೆಯುವ ಕೆಲಸದಲ್ಲಿ ಒಂದು ಅನುಕೂಲವಿದೆ. ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಮಾತಾಡಿದರೂ ಆಯಿತು, ಬಿಟ್ಟರೂ ಆಯಿತು, ಕರಕರ ಸದ್ದು ಇದ್ದೇ ಇರುತ್ತದೆ.

ಮೇಷ್ಟ್ರಾದವನಿಗೆ ಸುಮ್ಮನಿರುವುದು ಕಷ್ಟ. ನಾನು ಪಾಠ ಶುರುಮಾಡಿದೆ. ‘ಇದು ಚಿಪ್ಪು ಮೀನಿನ ಜಾತಿ ಅಲ್ಲ, ಏಡಿ, ಸೀಗಡಿಗಳ ನೆಂಟ. ಮರಿಯಾಗಿದ್ದಾಗ ನೀರಿನಲ್ಲಿ ಈಜಿಕೊಂಡಿರುತ್ತದೆ. ಆಮೇಲೆ ನೆಲೆ ಹುಡುಕಲು ಹೊರಡುತ್ತದೆ. ಆ ಹಂತದಲ್ಲಿ ಅದು ಏನನ್ನೂ ತಿನ್ನುವುದೇ ಇಲ್ಲ. ಸಿಕ್ಕಿದ ಬಂಡೆಯ ಮೇಲೆ, ಮರದ ಮೇಲೆ ನಡೆದು, ಮುಟ್ಟಿ, ಪರೀಕ್ಷಿಸಿ, ಬೇಡವೆನಿಸಿದರೆ ಬಿಟ್ಟು ಮುಂದೆ ಹೋಗುತ್ತದೆ. ಸರಿಕಂಡ ಕಡೆ ತಲೆಯನ್ನು ಗಟ್ಟಿಯಾಗಿ ಅಂಟಿಸಿ, ಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು, ಆಯುಷ್ಯವಿಡೀ ಕಾಲಿನಿಂದ ಆಹಾರವನ್ನು ಬಾಯಿಗೆ ದೂಡಿಕೊಂಡು ಬದುಕುತ್ತದೆ. ಮತ್ತೆ ಜಾಗ ಬದಲಿಸುವಂತಿಲ್ಲ.’

‘ಎಷ್ಟ್ ದಿನ ಹುಡುಕ್ತ್ ಮಾಷ್ಟ್ರೇ?’ ಎಂದ ಶಿಷ್ಯ. ತರಗತಿಯಲ್ಲಿ ಅವನು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

‘ಕೆಲವು ದಿನ. ಒಮ್ಮೊಮ್ಮೆ ವಾರಗಟ್ಟಲೆ.’

‘ಅಷ್ಟ್ ಸಣ್ಣ ಜೀವಕ್ಕೆ ಅಷ್ಟ್ ಪುರ್ಸೊತ್ತ್ ಇತ್ತಲ್ದಾ!’ ಎಂದು ನಕ್ಕ.

ನಾನು ಹುರುಪಿನಿಂದ ಮುಂದುವರಿದೆ. ‘ಚಾರ್ಲ್ಸ್ ಡಾರ್ವಿನ್ ವಿಕಾಸವಾದದ ಪುಸ್ತಕ ಪ್ರಕಟಿಸಿದ್ದು 1859ರಲ್ಲಿ. ಅದಕ್ಕೆ ಮೊದಲು, 1846ರಿಂದ 1854ರವರೆಗೆ, ಎಂಟು ವರ್ಷ ಈ ಬಾರ್ನಕಲ್‌ಗಳನ್ನೇ ಸೂಕ್ಷ್ಮದರ್ಶಕದ ಕೆಳಗೆ ಕೊಯ್ದು ನೋಡುತ್ತ ಕೂತಿದ್ದ. ಅವನ ಮಕ್ಕಳು ಹುಟ್ಟಿದಂದಿನಿಂದ ಅಪ್ಪ ಅದನ್ನೇ ಮಾಡುವುದನ್ನು ಕಂಡವರು. ನೆರೆಯವರೊಬ್ಬರ ವಿಷಯ ಬಂದಾಗ ಒಬ್ಬ ಮಗ, ಹಾಗಾದರೆ ಅವರು ಬಾರ್ನಕಲ್ ಕೆಲಸ ಎಲ್ಲಿ ಕೂತು ಮಾಡುತ್ತಾರೆ ಎಂದು ಕೇಳಿದನಂತೆ. ಲೋಕದ ಅಪ್ಪಂದಿರೆಲ್ಲ ಅದನ್ನೇ ಮಾಡುತ್ತಾರೆಂದು ಆ ಮಗು ತಿಳಿದಿತ್ತು.’

ಆ ಬದಿಯಿಂದ ಮಗ ನಕ್ಕ ಸದ್ದು ಕೇಳಿಸಿತು. ‘ನಾನೂ ಹಾಗೇ ಅಂದುಕೊಂಡಿದ್ದೆ ಅಪ್ಪಯ್ಯ. ಎಲ್ಲರ ಅಪ್ಪಯ್ಯಂದಿರೂ ರಾತ್ರಿ ಕೆಂಪು ಪೆನ್ನು ಹಿಡಿದು ಕೂರ್ತಾರೆ ಅಂತ.’

ನಾನೂ ನಕ್ಕೆ. ನಕ್ಕ ಉತ್ಸಾಹದಲ್ಲೇ, ತರಗತಿಯಲ್ಲಿ ಪ್ರತಿವರ್ಷ ಹೇಳುವ ಕಥೆಯನ್ನು ಅದೇ ಧಾಟಿಯಲ್ಲಿ ಹೇಳತೊಡಗಿದೆ. ‘ಡಾರ್ವಿನ್‌ನ ತಂದೆ ದೊಡ್ಡ ವೈದ್ಯ. ಮಗನೂ ವೈದ್ಯನಾಗಲೆಂದು 1825ರಲ್ಲಿ ಎಡಿನ್‌ಬರೋಗೆ ಕಳಿಸಿದ. ಆದರೆ ಆ ಹುಡುಗ ಎರಡೇ ವರ್ಷಕ್ಕೆ ಓದು ಬಿಟ್ಟು ಮನೆಗೆ...’

ಅಲ್ಲಿಗೆ ನನ್ನ ಬಾಯಿ ಕಟ್ಟಿತು.

ಎಷ್ಟು ವರ್ಷ ಆ ವಾಕ್ಯವನ್ನು ಹೇಳಿದ್ದೇನೋ! ಮಗ ಮನೆಗೆ ಬಂದು ಕೂತಿದ್ದ ಆ ಮೂರು ತಿಂಗಳಲ್ಲೂ ತರಗತಿಯಲ್ಲಿ ಇದೇ ಕಥೆ ಹೇಳಿರಬಹುದು. ನನ್ನ ಕಿವಿಗೆ ಅದು ಬಿದ್ದದ್ದು ಅಂದೇ ಮೊದಲು. ಆ ಬದಿಯ ಉಳಿಯ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

‘ಆಮೇಲೆ ಎಂತ ಆಯ್ತು ಅಪ್ಪಯ್ಯ?’ ತಲೆಯೆತ್ತದೆ ಕೇಳಿದ. ದನಿಯಲ್ಲಿ ಕೊಂಕಿರಲಿಲ್ಲ.

‘ಅಪ್ಪ ಸಿಟ್ಟು ಮಾಡಿದ. ಪಾದ್ರಿಯಾಗಲಿ ಎಂದು ಕೇಂಬ್ರಿಜ್‌ಗೆ ಕಳಿಸಿದ. 1831ರಲ್ಲಿ ಬೀಗಲ್ ಹಡಗಿನಲ್ಲಿ ಹೋಗಲು ಕರೆ ಬಂದಾಗಲೂ ಮೊದಲು ಬೇಡವೆಂದ. ಸೋದರಮಾವ ಬಂದು ಹೇಳಿದ ಮೇಲೆ ಒಪ್ಪಿದ.’

‘ಒಪ್ಪಿದನಲ್ಲ’ ಎಂದ ಮಗ. ಅಷ್ಟೇ.

ಓದು ಬಿಟ್ಟವರೆಲ್ಲ ಡಾರ್ವಿನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಎಂಜಿನಿಯರಿಂಗ್ ಓದಿ ಸುಖವಾಗಿರುವ ನನ್ನ ಶಿಷ್ಯರು ಎಷ್ಟೋ ಮಂದಿ ಇದ್ದಾರೆ. ನನಗೆ ಚುಚ್ಚಿದ್ದು ಬೇರೆ. ಉಗುರಿನಷ್ಟು ದೊಡ್ಡ ಗೋಪುರ ಕಟ್ಟುವ ಜೀವಿಗೂ ನಾಲ್ಕು ಜಾಗ ಮುಟ್ಟಿ ನೋಡುವ ಅವಕಾಶವಿದೆ. ಹದಿನಾರು ವರ್ಷದ ಹುಡುಗನ ತಲೆಯನ್ನು ನಾನೇ ಹಿಡಿದು, ನಾನು ಕಂಡ ಬಂಡೆಗೆ ಅಂಟಿಸಲು ಹೋಗಿದ್ದೆ. ಅವನು ಕಿತ್ತುಕೊಂಡು ಬಂದಾಗ ನೋವಾದದ್ದು ನನಗೊಬ್ಬನಿಗೇ ಎಂದು ತಿಳಿದಿದ್ದೆ.

ಕೆರೆದು ತೊಳೆದ ಮೇಲೆ ಸಂದು ಮುಚ್ಚುವ ಕೆಲಸ. ಹಲಗೆಯ ಸಂದಿನಿಂದ ಹಳೆಯ ಹತ್ತಿ ಕಿತ್ತು, ಹೊಸ ಹತ್ತಿಯನ್ನು ಹುರಿಮಾಡಿ, ಉಳಿಯಿಂದ ಮೆಲ್ಲಗೆ ಬಡಿದು ತುರುಕಬೇಕು. ಸಡಿಲವಾದರೆ ನೀರು ಬರುತ್ತದೆ. ಬಿಗಿ ಹೆಚ್ಚಾದರೆ, ನೀರಿಗಿಳಿದು ಮರ ಉಬ್ಬಿದಾಗ ಹಲಗೆಯೇ ಮಿಸುಕುತ್ತದೆ. ನಾನು ತುರುಕಿದ ಒಂದು ಗೇಣನ್ನು ಶಿಷ್ಯ ಮರ್ಯಾದೆಯಿಂದ ನೋಡಿ, ನಾನು ನೀರು ಕುಡಿಯಲು ಹೋದಾಗ ಕಿತ್ತು ಮತ್ತೆ ಹಾಕಿದ. ನಾನು ಕಂಡೂ ಕಾಣದವನಂತೆ ಇದ್ದೆ. ಮಗ ಮಾತ್ರ ಹಲಗೆಗೆ ಕಿವಿಯಿಟ್ಟವನಂತೆ ಬಾಗಿ, ಬೆರಳಿನಿಂದ ಸಂದು ಸವರಿ ನೋಡುತ್ತ, ಒಂದೇ ಹದದ ಪೆಟ್ಟಿನಲ್ಲಿ ಮಾರುದ್ದ ಮುಗಿಸಿದ. ಒಂದು ಕಡೆ ಹಲಗೆಯ ಅಂಚು ಮೆತ್ತಗಾಗಿತ್ತು. ಮರ ಕೊರೆಯುವ ಹುಳುವಿನ ಕೆಲಸ. ಹುಳು ಎಂದು ಹೆಸರೇ ಹೊರತು ಅದು ಹುಳುವಲ್ಲ, ಚಿಪ್ಪಿನ ಜೀವಿಯ ಬಳಗದ್ದು. ಮಗ ಆ ಭಾಗವನ್ನು ಅಂಗೈಯಷ್ಟು ಕೊರೆದು ತೆಗೆದು, ಅದೇ ಅಳತೆಯ ತುಂಡು ಮಾಡಿ, ಮರದ ಎಳೆ ಎಳೆಗೆ ಕೂಡುವಂತೆ ಕೂರಿಸಿದ. ಬೆರಳಾಡಿಸಿದರೆ ಎಲ್ಲಿ ಹಳತು ಮುಗಿಯಿತು, ಎಲ್ಲಿ ಹೊಸತು ಶುರುವಾಯಿತು ತಿಳಿಯಲಿಲ್ಲ.

ಶಿಷ್ಯ ಅದನ್ನೇ ಎರಡು ಸಲ ಸವರಿ ನೋಡಿ, ‘ಮಾಷ್ಟ್ರೇ, ಮಾಣಿ ಕೈ ಲಾಯ್ಕಿತ್ತ್’ ಎಂದ.

ಮಗನ ಅಂಕಪಟ್ಟಿಗಳನ್ನೆಲ್ಲ ನಾನು ಪ್ಲಾಸ್ಟಿಕ್ ಹೊದಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ. ಅವನು ಕೆಲಸ ಮಾಡುವುದನ್ನು ನೋಡಿದ್ದು ಅದೇ ಮೊದಲು.

ಕೊನೆಯದು ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ಹುಳ ಹಿಡಿಯದಂತೆ, ನೀರು ಕುಡಿಯದಂತೆ ಮರವನ್ನು ಕಾಯುತ್ತದೆ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ‘ಅಪ್ಪಯ್ಯ, ಕೈಗೆ ಮೊದಲು ತೆಂಗಿನೆಣ್ಣೆ ಹಚ್ಕಣಿ, ಗವಸು ಹಾಕ್ಕಣಿ’ ಎಂದ ಮಗ. ‘ಇಷ್ಟು ವರ್ಷ ಆಮ್ಲ ಮುಟ್ಟಿದ ಕೈ ಇದು’ ಎಂದು ನಾನು ಬ್ರಷ್ ಎತ್ತಿಕೊಂಡೆ.

ಹನ್ನೆರಡರ ಹೊತ್ತಿಗೆ ದೋಣಿ ಕರ್ರಗೆ ಮಿಂಚುತ್ತಿತ್ತು. ಇದರಲ್ಲೇ ಹೊಳೆ ಸುತ್ತುವುದು ಎಂದುಕೊಂಡಿದ್ದೆ. ‘ಎಣ್ಣೆ ಒಣಗ್ಬೇಕಲ್ದೆ ಮಾಷ್ಟ್ರೇ! ಮೂರ್ ನಾಲ್ಕ್ ದಿನದ ಬಿಸ್ಲ್ ಬೇಕ್’ ಎಂದ ಶಿಷ್ಯ. ನೆರೆಮನೆಯ ದೋಣಿ ಕೇಳಿ ಇಟ್ಟಿದ್ದನಂತೆ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಮಿಡಿ ಉಪ್ಪಿನಕಾಯಿ ಉಂಡು ಎರಡು ಗಂಟೆಗೆ ಹೊರಟೆವು. ಮೂವರೂ ಲೈಫ್ ಜಾಕೆಟ್ ತೊಟ್ಟೆವು. ಈಜು ಬಲ್ಲ ಶಿಷ್ಯನೂ ತೊಟ್ಟ. ಇದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಹೊಳೆಗೆ ಇಳಿಯುವ ಹುಮ್ಮಸ್ಸು ಇರುವವರಿಗೆ ಮೊದಲ ಪಾಠ ಇದೇ.

ಹಿಂದಿನ ದಿನ ಶುಕ್ಲಪಕ್ಷದ ಅಷ್ಟಮಿ. ಇಳಿತ ಮುಗಿದು ಉಬ್ಬರದ ನೀರು ಅಳಿವೆಯಿಂದ ಒಳಕ್ಕೆ ನುಗ್ಗುತ್ತಿತ್ತು. ನುಗ್ಗುತ್ತಿತ್ತು ಎನ್ನುವುದೂ ತಪ್ಪು, ಮೆಲ್ಲಗೆ ನಡೆದು ಬರುತ್ತಿತ್ತು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ನೀರಿಗೆ ಜೋರು. ಅಷ್ಟಮಿಯ ಸುಮಾರಿಗೆ ಎರಡೂ ಲಂಬಕೋನದಲ್ಲಿ ಎಳೆಯುವುದರಿಂದ ನೀರು ಸಾಧು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದುದರಿಂದ ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ನಾನು ಇದನ್ನು ಲೆಕ್ಕ ಹಾಕಿ ಹೇಳುವುದರೊಳಗೆ ಶಿಷ್ಯ ತಿಥಿ ನೆನೆದು, ‘ಐದ್ ಗಂಟಿಗೆ ನೀರ್ ನಿಲ್ತ್, ಆಮೇಲೆ ತಿರುಗ್ತ್’ ಎಂದುಬಿಟ್ಟಿದ್ದ. ವಿಜ್ಞಾನ ಅವನಲ್ಲೂ ಇತ್ತು. ನನ್ನ ಪ್ರಶ್ನೆಪತ್ರಿಕೆಗೆ ಅದನ್ನು ಕೇಳುವುದು ಗೊತ್ತಿರಲಿಲ್ಲ.

ನೀರೇ ಹೊತ್ತೊಯ್ಯುತ್ತಿದ್ದುದರಿಂದ ಹುಟ್ಟು ಹೆಸರಿಗೆ ಮಾತ್ರ. ಹಿಂದೆ ಬಂದರಿನ ಬೋಟುಗಳ ಬಾವುಟ, ಅದರಾಚೆ ಕೋಡಿಯ ದೀಪಸ್ತಂಭ. ಮುಂದೆ ತೆಂಗು ತುಂಬಿದ ಕುದ್ರುಗಳು, ದೂರದಲ್ಲಿ ಘಟ್ಟದ ನೀಲಿ ಸಾಲು. ದಡದುದ್ದಕ್ಕೂ ಕಾಂಡ್ಲಾ ಗಿಡಗಳು ಬೇರುಗಳನ್ನು ಕಾಲಿನಂತೆ ಕೆಸರಿಗೆ ಊರಿ ನಿಂತಿದ್ದವು. ಅವುಗಳ ಬೀಜ ಮರದಲ್ಲೇ ಮೊಳೆತು, ಕೋಲಿನಂತೆ ಬೆಳೆದು, ಕೆಳಗೆ ಬಿದ್ದು ಕೆಸರಲ್ಲಿ ನಾಟುತ್ತದೆ. ಕೆಸರು ಸಿಗದಿದ್ದರೆ ತೇಲಿ ಹೋಗಿ ಇನ್ನೆಲ್ಲೋ ಬೇರು ಬಿಡುತ್ತದೆ. ಗರುಡವೊಂದು ನೀರಿಗೆ ಎರಗಿ ಬರಿಗಾಲಲ್ಲಿ ಮೇಲೆದ್ದಿತು. ಯಕ್ಷಗಾನ ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಬಂದಾಗ ಶಿಷ್ಯ ಹುಟ್ಟು ಎತ್ತಿಟ್ಟು ಬೀಡಿ ಹಚ್ಚಲು ಹೋದವನು, ನನ್ನ ಮುಖ ನೋಡಿ ಜೇಬಿಗೆ ಸೇರಿಸಿದ. ನಲವತ್ತು ದಾಟಿದವನು!

ಅಲ್ಲಿ ನಾನು ಮಗನನ್ನು ನಾಲ್ಕನೆಯ ಪ್ರಶ್ನೆ ಕೇಳಿದೆ. ‘ಅಲ್ಲಿ ನೀನು ಎಂತೆಂತ ಮಾಡುತ್ತಿ?’

ಐದು ವರ್ಷ ಕಾದಿದ್ದವನಂತೆ ಹೇಳಿದ. ಸಾಗುವಾನಿಗೂ ಹಲಸಿಗೂ ಕೈಗೆ ತಿಳಿಯುವ ವ್ಯತ್ಯಾಸ, ಮೊಳೆಯಿಲ್ಲದೆ ಕೂಡಿಸುವ ಬಗೆ, ಮಳೆಗಾಲದಲ್ಲಿ ಮರ ಎಷ್ಟು ಉಬ್ಬೀತು ಎಂದು ಮೊದಲೇ ಬಿಡಬೇಕಾದ ಎಡೆ. ಸಂಬಳ ಕಡಿಮೆ ಎಂಬುದನ್ನೂ ಹೇಳಿದ. ಮೊದಲ ವರ್ಷ ಬೇರೆಯವರ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತಿದ್ದನೆಂದೂ, ಎರಡು ಸಲ ಮನೆಗೆ ಬಂದುಬಿಡಲು ಬಸ್ ನಿಲ್ದಾಣಕ್ಕೆ ಬಂದು ಹಿಂತಿರುಗಿದನೆಂದೂ ಹೇಳಿದ. ‘ಯಾಕೆ ಹಿಂತಿರುಗಿದೆ?’ ಎಂದೆ. ‘ಬಂದರೆ ನೀವು ಮಾತಾಡುವುದಿಲ್ಲ ಅಂತ ಗೊತ್ತಿತ್ತಲ್ಲ’ ಎಂದ.

ಉತ್ತರ ಹೊಳೆಯಲಿಲ್ಲ. ‘ತಪ್ಪಾಯಿತು ಮಾರಾಯ’ ಎಂದೆ. 28 ವರ್ಷದ ನೌಕರಿಯಲ್ಲಿ ಒಬ್ಬ ಹುಡುಗನಿಗೆ ಈ ಮಾತು ಹೇಳಿದ್ದು ಅದೇ ಮೊದಲು. ಶಿಷ್ಯ ಆ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿ ನೀರಿನಲ್ಲಿ ಏನನ್ನೋ ನೋಡುತ್ತಿದ್ದ. ದೊಡ್ಡವನಾಗಿದ್ದಾನೆ.

ಐದಕ್ಕೆ ಅವನು ಹೇಳಿದಂತೆಯೇ ನೀರು ನಿಂತಿತು. ತೇಲುತ್ತಿದ್ದ ಒಂದು ತೆಂಗಿನಕಾಯಿ ಅತ್ತಲೂ ಹೋಗದೆ ಇತ್ತಲೂ ಹೋಗದೆ ತುಸು ಹೊತ್ತು ನಿಂತು, ಆಮೇಲೆ ಮೆಲ್ಲನೆ ಕಡಲ ಕಡೆ ಹೊರಟಿತು. ನಾವೂ ಅದರ ಹಿಂದೆ ಹೊರಟೆವು. ತಲೆಯ ಮೇಲೆ ಅರ್ಧಕ್ಕಿಂತ ತುಸು ದೊಡ್ಡ ಚಂದ್ರ. ಹುಟ್ಟು ಮಗನ ಕೈಯಲ್ಲಿತ್ತು. ನಾನು ದಾರಿ ಹೇಳಲು ಹೋಗಲಿಲ್ಲ.

ಮರುದಿನ ಒಂಬತ್ತನೆಯ ತರಗತಿಯಲ್ಲಿ ಕರಿಹಲಗೆಯ ಮೇಲೆ ದೋಣಿ ಬರೆಯಲು ಕೈಯೆತ್ತಿದಾಗ ಮುಂದಿನ ಬೆಂಚಿನ ಹುಡುಗಿ ಕೇಳಿದಳು: ‘ಸರ್, ಕೈಗೆ ಏನಾಯ್ತು?’ ಮಣಿಕಟ್ಟಿನಲ್ಲಿ ಎರಡು ಬೊಬ್ಬೆ ಎದ್ದಿದ್ದವು.

‘ಗೇರೆಣ್ಣೆ ತಾಗಿತು’ ಎಂದೆ. ‘ಹುಷಾರು ಅಂತ ಮಗ ಹೇಳಿದ್ದ. ನಾನು ಕೇಳಲಿಲ್ಲ.’